ಹದಿನೆಂಟು ತುಂಬಿದವರು ಸ್ಕೂಲ್ ಬೋರ್ಡ್‌ಗೆ ನಿಲ್ಲುವುದು ಹೇಗೆ? ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಿಗೆ ಒಂದು ಮಾರ್ಗದರ್ಶಿ

"ಮಗಳಿಗೆ ಈಗ ಹತ್ತೊಂಬತ್ತು. ಸ್ಕೂಲ್ ಬೋರ್ಡ್ ಎಲೆಕ್ಷನ್‌ಗೆ ನಿಲ್ತೀನಿ ಅಂತಿದ್ದಾಳೆ. ಇಷ್ಟು ಚಿಕ್ಕವರು ನಿಲ್ಲಬಹುದಾ?" ಚುನಾವಣೆಯ ವರ್ಷ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕೆಲವು ಸಲ ಮಕ್ಕಳೇ ಕೇಳುತ್ತಾರೆ, ಜಾಸ್ತಿ ಸಲ ಅಪ್ಪ-ಅಮ್ಮ. ಉತ್ತರ ಒಂದೇ ಮಾತಿನದು: ನಿಲ್ಲಬಹುದು. ಕಷ್ಟವಿರುವುದು ವಯಸ್ಸಿನಲ್ಲಲ್ಲ, ಕಾಗದಪತ್ರದಲ್ಲಿ ಮತ್ತು ದುಡ್ಡಿನ ಲೆಕ್ಕದಲ್ಲಿ. ಭಾಷಣ ಚೆನ್ನಾಗಿ ಮಾಡುವ ಮಕ್ಕಳು ಎಡವುವುದೂ ಅಲ್ಲೇ.

ಇಲ್ಲಿ ಬರೆದಿರುವುದು ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯದಲ್ಲಿ ಕಾನೂನು ಬೇರೆ, ತಾರೀಕು ಬೇರೆ. ಮುಂದೆ ಉದಾಹರಣೆಗೆಂದು 2026ರ ನವೆಂಬರ್ 3ರ ಚುನಾವಣೆಯನ್ನು ಹಿಡಿದಿದ್ದೇನೆ. ನೀವು ನಿಲ್ಲುವ ವರ್ಷಕ್ಕೆ ಕೌಂಟಿಯ ಚುನಾವಣಾ ಕಚೇರಿ ಕೊಡುವ ಕ್ಯಾಲೆಂಡರ್ ನೋಡಿಕೊಳ್ಳಿ.

ಮೊದಲು, ಈ ಬೋರ್ಡ್ ಎಂದರೇನು? ನಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಥರ ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲ. ಎಸ್‌ಡಿಎಂಸಿ ಒಂದು ಶಾಲೆಯದು. ಸ್ಕೂಲ್ ಬೋರ್ಡ್ ಇಡೀ ಡಿಸ್ಟ್ರಿಕ್ಟ್‌ನ ಶಾಲೆಗಳದು. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯಲ್ಲ, ಒಂದೇ ಆಡಳಿತದ ಕೆಳಗಿರುವ ಶಾಲೆಗಳ ವ್ಯಾಪ್ತಿ. ಸೂಪರಿಂಟೆಂಡೆಂಟ್, ಅಂದರೆ ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿಯನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಯಾವ ಶಾಲೆ ಉಳಿಯಬೇಕು ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸುವುದು, ಎಲ್ಲ ಇವರ ಕೆಲಸ. ಸದಸ್ಯರನ್ನು ಟ್ರಸ್ಟಿ ಎನ್ನುತ್ತಾರೆ. ಸಾಮಾನ್ಯವಾಗಿ ಐದು ಜನ, ಕೆಲವು ಕಡೆ ಏಳು. ಅವಧಿ ನಾಲ್ಕು ವರ್ಷ. ಪಕ್ಷದ ಚಿಹ್ನೆ ಇಲ್ಲ. ಪ್ರತಿ ತಿಂಗಳು ಒಂದಿಷ್ಟು ಗೌರವಧನ ಕೊಡುತ್ತಾರೆ, ಆದರೆ ಅದರಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ. ಹಾಗಂತ ಸಣ್ಣ ಹುದ್ದೆ ಎಂದುಕೊಳ್ಳಬೇಡಿ. ಜಿಮ್ಮಿ ಕಾರ್ಟರ್ ಸಾರ್ವಜನಿಕ ಬದುಕು ಶುರು ಮಾಡಿದ್ದು 1950ರ ದಶಕದಲ್ಲಿ, ಜಾರ್ಜಿಯಾದ ಸಮ್ಟರ್ ಕೌಂಟಿಯ ಶಿಕ್ಷಣ ಮಂಡಳಿಯಿಂದ. 2022ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತದಾರರು ಮೂವರು ಬೋರ್ಡ್ ಸದಸ್ಯರನ್ನು ಅವಧಿ ಮುಗಿಯುವ ಮೊದಲೇ ಕೆಳಗಿಳಿಸಿದ್ದೂ ನೆನಪಿರಲಿ.

ಹಂತ 1: ನಿಮಗೆ ಅರ್ಹತೆ ಇದೆಯೇ?

ನಾಲ್ಕು ವಿಷಯ ನೋಡಿಕೊಳ್ಳಿ. ಹದಿನೆಂಟು ತುಂಬಿರಬೇಕು. ಅಮೆರಿಕದ ಪ್ರಜೆಯಾಗಿರಬೇಕು. ಆ ಡಿಸ್ಟ್ರಿಕ್ಟ್‌ನಲ್ಲೇ ವಾಸವಿರಬೇಕು. ಅಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಡಿಗ್ರಿ ಬೇಕಿಲ್ಲ, ಶಾಲೆಗೆ ಹೋಗುವ ಮಕ್ಕಳಿರಬೇಕು ಎಂದೂ ಇಲ್ಲ. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಪೌರತ್ವವೇ ಬೇಕು. ಪ್ರಜೆಯಾಗಿ ಇಂತಿಷ್ಟು ವರ್ಷ ಆಗಿರಬೇಕು ಎಂಬ ನಿಯಮವೇನೂ ಇಲ್ಲ.

ಕಾಲೇಜು ಮಕ್ಕಳು ಎಡವುವುದು ಪಟ್ಟಿಯ ವಿಷಯದಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಓದುತ್ತಾ ಹಾಸ್ಟೆಲ್ ವಿಳಾಸದಲ್ಲಿ ವೋಟರ್ ಆಗಿ ನೋಂದಾಯಿಸಿಕೊಂಡಿರುತ್ತಾರೆ. ನಿಲ್ಲಬೇಕೆಂದಿರುವುದು ಫ್ರೀಮಾಂಟ್‌ನಲ್ಲಿ. ನಾಮಪತ್ರದ ಕಾಗದ ಕೈಗೆ ಕೊಡುವ ಹೊತ್ತಿಗೇ ನೀವು ಆ ಡಿಸ್ಟ್ರಿಕ್ಟ್‌ನ ಮತದಾರರಾಗಿರಬೇಕು. "ಆಮೇಲೆ ಬದಲಾಯಿಸ್ತೀನಿ" ಎಂದರೆ ನಡೆಯುವುದಿಲ್ಲ. ಅಪ್ಪ-ಅಮ್ಮನ ಮನೆಯೇ ನಿಮ್ಮ ನಿಜವಾದ ಮನೆ ಎಂದಾದರೆ ಬೇಸಿಗೆಗೆ ಮುಂಚೆಯೇ ವಿಳಾಸ ಸರಿಮಾಡಿಸಿ. ಸುಮ್ನೆ ಹೆಸರಿಗೆ ಚಿಕ್ಕಪ್ಪನ ಮನೆ ವಿಳಾಸ ಕೊಡಬೇಡಿ. ಆ ಕಾಗದಕ್ಕೆ ನೀವು ಪ್ರಮಾಣ ಮಾಡಿ ಸಹಿ ಹಾಕುತ್ತೀರಿ, ಸುಳ್ಳಾದರೆ ಅದು ಅಪರಾಧ.

ಇನ್ನೊಂದು, ಮುಂದಿನ ನಾಲ್ಕು ವರ್ಷದ ಲೆಕ್ಕ. ಗೆದ್ದು ಎರಡನೇ ವರ್ಷಕ್ಕೆ ಬಾಸ್ಟನ್‌ಗೆ ಮಾಸ್ಟರ್ಸ್ ಮಾಡಲು ಮನೆ ಬದಲಾಯಿಸಿ ಹೊರಟರೆ ಸೀಟು ಖಾಲಿಯಾಗುತ್ತದೆ. ಇದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ.

ನೀವು ಅದೇ ಡಿಸ್ಟ್ರಿಕ್ಟ್‌ನಲ್ಲಿ ಕೆಲಸದಲ್ಲಿದ್ದರೆ ಚುನಾವಣೆಗೆ ನಿಲ್ಲಬಹುದು, ಆದರೆ ಗೆದ್ದ ಮೇಲೆ ಕೆಲಸ ಬಿಡದೆ ಪ್ರಮಾಣವಚನ ತೆಗೆದುಕೊಳ್ಳುವಂತಿಲ್ಲ. ಬದಲಿ ಶಿಕ್ಷಕರಾಗಿ, ಟ್ಯೂಟರ್ ಆಗಿ ದುಡಿಯುವ ಹುಡುಗರು ಗಮನಿಸಿ.

ಹದಿನೆಂಟು ಆಗಿಲ್ಲವಾ? ಹೈಸ್ಕೂಲ್ ಇರುವ ಡಿಸ್ಟ್ರಿಕ್ಟ್‌ಗಳ ಬೋರ್ಡ್‌ನಲ್ಲಿ ವಿದ್ಯಾರ್ಥಿ ಸದಸ್ಯರಾಗಲು ಅವಕಾಶವಿದೆ. ಅವರ ಮತವನ್ನು ದಾಖಲಿಸುತ್ತಾರೆ, ಆದರೆ ಎಣಿಕೆಗೆ ಹಿಡಿಯುವುದಿಲ್ಲ. ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬರ್ಕ್ಲಿ ಮತ್ತು ಓಕ್ಲೆಂಡ್‌ನಲ್ಲಿ ಹದಿನಾರು, ಹದಿನೇಳರ ಮಕ್ಕಳೂ ಸ್ಕೂಲ್ ಬೋರ್ಡ್‌ಗೆ ವೋಟು ಹಾಕಬಹುದು. 2024ರ ನವೆಂಬರ್‌ನಲ್ಲಿ ಮೊದಲ ಸಲ ಹಾಕಿದರು. ಅಲ್ಲಿ ನಿಲ್ಲುವವರು ಹೈಸ್ಕೂಲ್ ಮಕ್ಕಳ ಮುಂದೆಯೂ ಹೋಗಿ ಮತ ಕೇಳಬೇಕು, ಚೆನ್ನಾಗಿದೆ ಅಲ್ವಾ?

ಹಂತ 2: ಯಾವ ಡಿಸ್ಟ್ರಿಕ್ಟ್, ಯಾವ ಸೀಟು?

ಊರಿನ ಹೆಸರು ನೋಡಿ ಡಿಸ್ಟ್ರಿಕ್ಟ್ ಊಹಿಸಬೇಡಿ. ಕ್ಯುಪರ್ಟಿನೋದಲ್ಲಿ ಎಂಟನೇ ತರಗತಿವರೆಗೆ ಒಂದು ಡಿಸ್ಟ್ರಿಕ್ಟ್, ಹೈಸ್ಕೂಲ್‌ಗೆ ಇನ್ನೊಂದು. ಆ ಹೈಸ್ಕೂಲ್ ಡಿಸ್ಟ್ರಿಕ್ಟ್‌ನ ಹೆಸರು ಫ್ರೀಮಾಂಟ್ ಯೂನಿಯನ್. ಫ್ರೀಮಾಂಟ್ ಊರಿಗೂ ಅದಕ್ಕೂ ಸಂಬಂಧವೇ ಇಲ್ಲ. ಫ್ರೀಮಾಂಟ್ ಊರಿನದು ಫ್ರೀಮಾಂಟ್ ಯೂನಿಫೈಡ್. ಯೂನಿಫೈಡ್ ಎಂದರೆ ಪ್ರಾಥಮಿಕದಿಂದ ಹನ್ನೆರಡರವರೆಗೂ ಒಂದೇ ಆಡಳಿತ.

ಆಮೇಲೆ ಟ್ರಸ್ಟಿ ಏರಿಯಾ, ಅಂದರೆ ವಾರ್ಡ್. ಹಿಂದೆ ಇಡೀ ಡಿಸ್ಟ್ರಿಕ್ಟ್ ಸೇರಿ ಎಲ್ಲ ಸದಸ್ಯರನ್ನೂ ಆರಿಸುತ್ತಿದ್ದ ಕಡೆಗಳಲ್ಲಿ, 2001ರ ಕ್ಯಾಲಿಫೋರ್ನಿಯಾ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ಬಹಳಷ್ಟು ವಾರ್ಡ್ ಪದ್ಧತಿಗೆ ಬದಲಾದವು. ವಾರ್ಡ್ ಇದ್ದರೆ ನೀವು ಅದರೊಳಗೇ ವಾಸವಿರಬೇಕು. ಎಲ್ಲ ಸೀಟುಗಳಿಗೂ ಒಟ್ಟಿಗೆ ಚುನಾವಣೆ ಬರುವುದಿಲ್ಲ. ಅರ್ಧ ಈ ಸಲ, ಉಳಿದರ್ಧ ಎರಡು ವರ್ಷ ಬಿಟ್ಟು. ನಿಮ್ಮ ವಾರ್ಡಿನ ಸರದಿ 2028ಕ್ಕೆ ಇದ್ದರೆ 2026ರಲ್ಲಿ ನೀವು ಮಾಡಬಹುದಾದದ್ದು ಬೇರೆಯವರ ಪ್ರಚಾರದಲ್ಲಿ ಕೆಲಸ ಕಲಿಯುವುದು.

ಕೌಂಟಿಯ ರಿಜಿಸ್ಟ್ರಾರ್ ಆಫ್ ವೋಟರ್ಸ್ ಕಚೇರಿಗೆ ಫೋನ್ ಮಾಡಿ ನಿಮ್ಮ ವಿಳಾಸ ಹೇಳಿದರೆ ಡಿಸ್ಟ್ರಿಕ್ಟ್, ವಾರ್ಡ್, ಸರದಿ ಮೂರನ್ನೂ ಹೇಳುತ್ತಾರೆ. ಇದನ್ನು ನೆಂಟರಿಂದ ಕೇಳಿ ತಿಳಿಯಬೇಡಿ.

ಹಂತ 3: ಮೊದಲು ಮೀಟಿಂಗ್‌ನಲ್ಲಿ ಕೂರಿ

ಚುನಾವಣೆಗೆ ಒಂದು ವರ್ಷ ಇರುವಾಗಲೇ ಬೋರ್ಡ್ ಮೀಟಿಂಗ್‌ಗೆ ಹೋಗಲು ಶುರು ಮಾಡಿ. ನನ್ನ ಕೇಳಿದರೆ, ಈ ಹಂತ ಬಿಟ್ಟವರು ನಿಲ್ಲಲೇಬಾರದು. ಬ್ರೌನ್ ಆಕ್ಟ್ ಎಂಬ ಕಾನೂನಿದೆ. ಸ್ಥಳೀಯ ಸಂಸ್ಥೆಗಳ ಸಭೆ ಜನರ ಎದುರೇ ನಡೆಯಬೇಕು ಎನ್ನುತ್ತದೆ. ಅದರ ಪ್ರಕಾರ ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹೊರಗೆ ಬರಬೇಕು. ಅದನ್ನು ಇಳಿಸಿಕೊಂಡು ಓದಿ. ಅಜೆಂಡಾ ಎರಡು ಮೂರು ಪುಟ ಇರುತ್ತದೆ, ಅದಕ್ಕೆ ಅಂಟಿಸಿದ ಕಡತಗಳು ನೂರಾರು ಪುಟ. ನಿಜವಾದ ವಿಷಯ ಕಡತದಲ್ಲಿರುತ್ತದೆ. "ಕನ್ಸೆಂಟ್ ಕ್ಯಾಲೆಂಡರ್" ಎಂಬ ಭಾಗ ಬಂದಾಗ ಚುರುಕಾಗಿರಿ. ಚರ್ಚೆ ಇಲ್ಲದೆ ಒಂದೇ ಏಟಿಗೆ ಒಪ್ಪಿಗೆ ಕೊಡುವ ವಿಷಯಗಳ ಗಂಟು ಅದು. ಬಸ್ಸಿನ ಗುತ್ತಿಗೆ, ಸಾಫ್ಟ್‌ವೇರ್ ಖರೀದಿ ಎಲ್ಲ ಅಲ್ಲಿ ಸದ್ದಿಲ್ಲದೆ ಹೋಗುತ್ತವೆ.

ಹಾಗೇ ಒಂದು ಸಲ ಮಾತಾಡಿ ನೋಡಿ. ಬಾಗಿಲ ಬಳಿ ಇಟ್ಟಿರುವ ಚೀಟಿಯಲ್ಲಿ ಹೆಸರು, ವಿಷಯ ಬರೆದು ಗುಮಾಸ್ತರ ಕೈಗೆ ಕೊಟ್ಟರೆ ಹೆಸರು ಕರೆಯುತ್ತಾರೆ. ಸಾಮಾನ್ಯವಾಗಿ ಮೂರು ನಿಮಿಷ, ಜನ ಜಾಸ್ತಿಯಿದ್ದರೆ ಇನ್ನೂ ಕಡಿಮೆ. ಎದುರಿಗೆ ಹಸಿರು, ಹಳದಿ, ಕೆಂಪು ದೀಪ ಅಥವಾ ಓಡುವ ಗಡಿಯಾರ. ಕೆಂಪು ಬಂದಾಗ ನೀವಿನ್ನೂ ನಿಮ್ಮ ಪರಿಚಯದಲ್ಲೇ ಇದ್ದರೆ ಎಲ್ಲಿ ಮೊಟಕು ಮಾಡಬೇಕು ಎಂದು ಗೊತ್ತಾಗುತ್ತದೆ.

ಬಜೆಟ್ ಓದಲು ಎರಡು ವಿಷಯ ಗೊತ್ತಿರಬೇಕು. ಒಂದು, ಎಲ್‌ಸಿಎಪಿ. ಬಂದ ಹಣವನ್ನು ಯಾವ ಮಕ್ಕಳಿಗಾಗಿ, ಯಾವ ಗುರಿಗಾಗಿ ಖರ್ಚು ಮಾಡುತ್ತೇವೆ ಎಂದು ಡಿಸ್ಟ್ರಿಕ್ಟ್ ಬರೆದುಕೊಡುವ ಯೋಜನೆ ಅದು. ಬಜೆಟ್ ಜೊತೆ ಅದೂ ಪ್ರತಿ ಜುಲೈ 1ರೊಳಗೆ ಒಪ್ಪಿಗೆಯಾಗಬೇಕು. ಎರಡು, ಹಾಜರಾತಿ. ಬಹುಪಾಲು ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯದ ಹಣ ಬರುವುದು ದಿನದ ಸರಾಸರಿ ಹಾಜರಾತಿಯ ಮೇಲೆ. ಮಕ್ಕಳು ಕಡಿಮೆಯಾದರೆ ಹಣವೂ ಕಡಿಮೆ. ಪಾಲೋ ಆಲ್ಟೋ ಥರ ಆಸ್ತಿ ತೆರಿಗೆಯಿಂದಲೇ ನಡೆಯುವ ಕೆಲವಕ್ಕೆ ಈ ಲೆಕ್ಕ ಬೇರೆ. ನಿಮ್ಮದು ಯಾವ ಥರದ್ದು ಎಂದು ಗೊತ್ತಿಲ್ಲದೆ "ಕಲೆ-ಸಂಗೀತಕ್ಕೆ ಜಾಸ್ತಿ ಹಣ ಕೊಡಿಸ್ತೀನಿ" ಎನ್ನಬೇಡಿ. ಮುಂದಿನ ಸಾಲಿನಲ್ಲಿ ಕೂತ ನಿವೃತ್ತ ಮೇಷ್ಟ್ರು ಎದ್ದು "ಎಲ್ಲಿಂದ?" ಎಂದು ಕೇಳುತ್ತಾರೆ.

ಕೈಯಲ್ಲಾಗದ ಭರವಸೆಯೂ ಬೇಡ. ಒಬ್ಬ ಟ್ರಸ್ಟಿಗೆ ಒಬ್ಬರೇ ಏನೂ ಮಾಡುವ ಅಧಿಕಾರ ಇಲ್ಲ. ಐದು ಜನರ ಬೋರ್ಡ್‌ನಲ್ಲಿ ಮೂರು ಮತ ಬೇಕು.

ಹಂತ 4: ಕಾಗದಪತ್ರ

2026ರ ಚುನಾವಣೆಗೆ ನಾಮಪತ್ರದ ಅವಧಿ ಜುಲೈ 13ರಿಂದ ಆಗಸ್ಟ್ 7ರವರೆಗೆ. ಈಗಿರುವ ಸದಸ್ಯರು ಮತ್ತೆ ನಿಲ್ಲದಿದ್ದರೆ ಉಳಿದವರಿಗೆ ಆಗಸ್ಟ್ 12ರವರೆಗೆ ಸಮಯ ಸಿಗುತ್ತದೆ. ಆ ಐದು ದಿನವನ್ನು ನಂಬಿ ಕೂರಬೇಡಿ. ಜುಲೈನಲ್ಲಿ ಬೆಂಗಳೂರಿಗೆ ರಜಕ್ಕೆ ಹೋಗುವ ಮನೆಗಳೇ ಜಾಸ್ತಿ. ಆ ವರ್ಷ ಟಿಕೆಟ್ ಮಾಡಿಸುವ ಮೊದಲು ಈ ತಾರೀಕು ನೋಡಿಕೊಳ್ಳಿ.

ಕಚೇರಿಯಲ್ಲಿ ತುಂಬುವ ಕಾಗದಗಳಲ್ಲಿ ಮುಖ್ಯವಾದವು ಇವು.

ಉಮೇದುವಾರಿಕೆ ಘೋಷಣೆ: ಬ್ಯಾಲೆಟ್ ಮೇಲೆ ನಿಮ್ಮ ಹೆಸರು ಹೇಗೆ ಬರಬೇಕು ಎಂದು ಇಲ್ಲಿ ಬರೆಯುತ್ತೀರಿ. ಪದವಿ, ಬಿರುದು ಸೇರಿಸುವಂತಿಲ್ಲ. ಹೆಸರಿನ ಕೆಳಗೆ ಉದ್ಯೋಗವನ್ನು ಹೆಚ್ಚೆಂದರೆ ಮೂರು ಪದದಲ್ಲಿ ಹೇಳಬಹುದು. ಅದು ನೀವು ನಿಜವಾಗಿ ಮಾಡುತ್ತಿರುವ ಕೆಲಸವಾಗಿರಬೇಕು. "ತೆರಿಗೆದಾರ", "ಕಾಳಜಿಯ ನಾಗರಿಕ" ಎಂಬಂಥವನ್ನು ತಳ್ಳಿಹಾಕುತ್ತಾರೆ. ಕಾಲೇಜು ಓದುತ್ತಾ ಪಾರ್ಟ್‌ಟೈಮ್ ಕೆಲಸ ಮಾಡುವವರು ಯಾವ ಪದ ಒಪ್ಪುತ್ತಾರೆ ಎಂದು ಮೊದಲೇ ಕಚೇರಿಯಲ್ಲಿ ಕೇಳಿ. ಕೊನೆಯ ದಿನ ಜಗಳ ಬೇಡ.

ಫಾರ್ಮ್ 700: ನಿಮ್ಮ ಆದಾಯ, ಹೂಡಿಕೆಗಳ ವಿವರ. ಹತ್ತೊಂಬತ್ತರ ಹುಡುಗಿಗೆ ಬರೆಯಲು ಏನೂ ಇರದಿದ್ದರೂ ಫಾರ್ಮ್ ಕೊಡಲೇಬೇಕು.

ಅಭ್ಯರ್ಥಿಯ ಹೇಳಿಕೆ: ಮತದಾರರಿಗೆ ಅಂಚೆಯಲ್ಲಿ ಹೋಗುವ ಪುಸ್ತಕದಲ್ಲಿ ಅಚ್ಚಾಗುವ 200 ಪದ. ಕೆಲವು ಡಿಸ್ಟ್ರಿಕ್ಟ್‌ಗಳು 400ಕ್ಕೆ ಅವಕಾಶ ಕೊಡುತ್ತವೆ. ಎದುರಾಳಿಯ ಬಗ್ಗೆ ಬರೆಯುವಂತಿಲ್ಲ, ನಿಮ್ಮ ಪಕ್ಷವನ್ನೂ ಹೇಳುವಂತಿಲ್ಲ. ಇದು ಕಡ್ಡಾಯವಲ್ಲ. ಅಚ್ಚಿನ ಖರ್ಚನ್ನು ಬಹಳ ಕಡೆ ಅಭ್ಯರ್ಥಿಯೇ ಕೊಡಬೇಕು. ಮತದಾರರು ಎಷ್ಟಿದ್ದಾರೆ ಎಂಬುದರ ಮೇಲೆ ಅದು ಕೆಲವು ನೂರು ಡಾಲರೂ ಆಗಬಹುದು, ಸಾವಿರಗಳೂ ಆಗಬಹುದು. ಅಂದಾಜು ಮೊದಲೇ ಕೇಳಿ. ನಿಮ್ಮ ಬಳಿ ಇರುವುದು ಸ್ವಲ್ಪವೇ ಹಣವಾದರೆ ಅದನ್ನು ಅಂಗಳದಲ್ಲಿ ನೆಡುವ ಪ್ರಚಾರದ ಬೋರ್ಡುಗಳಿಗೆ ಹಾಕುವ ಬದಲು ಇದಕ್ಕೇ ಹಾಕಿ. ಸ್ಕೂಲ್ ಬೋರ್ಡ್‌ಗೆ ವೋಟು ಹಾಕುವ ಬಹಳ ಮಂದಿ ಅಭ್ಯರ್ಥಿಯ ಬಗ್ಗೆ ಓದುವುದು ಅದೊಂದನ್ನೇ. ಒಮ್ಮೆ ಕೊಟ್ಟ ಮೇಲೆ ತಿದ್ದಲು ಆಗುವುದಿಲ್ಲ, ಹಿಂದೆ ತೆಗೆದುಕೊಳ್ಳಬಹುದು ಅಷ್ಟೆ. ನಿಮ್ಮನ್ನು ಬಿಟ್ಟು ಇನ್ನಿಬ್ಬರಿಗೆ ಓದಿಸಿ ಕೊಡಿ.

ಒಂದು ಸೀಟಿಗೆ ನೀವೊಬ್ಬರೇ ನಾಮಪತ್ರ ಹಾಕಿದ್ದರೆ ಮತದಾನವೇ ಇಲ್ಲದೆ ನೇಮಕವಾಗುತ್ತದೆ. ಸಣ್ಣ ಡಿಸ್ಟ್ರಿಕ್ಟ್‌ಗಳಲ್ಲಿ ಇದು ಅಪರೂಪವೇನಲ್ಲ. ನಡುವೆ ಯಾರಾದರೂ ರಾಜೀನಾಮೆ ಕೊಟ್ಟರೆ ಬೋರ್ಡ್ 60 ದಿನದೊಳಗೆ ಯಾರನ್ನಾದರೂ ನೇಮಿಸಬೇಕು ಅಥವಾ ಚುನಾವಣೆ ಕರೆಯಬೇಕು. ಆ ಅರ್ಜಿಗೂ ಒಂದು ಕಣ್ಣಿಟ್ಟಿರಿ.

ಹಂತ 5: ದುಡ್ಡು

ಇಲ್ಲಿ ನಿಧಾನವಾಗಿ ಓದಿ. ನಮ್ಮ ಮನೆಗಳು ಗೊತ್ತಿಲ್ಲದೆ ತಪ್ಪು ಮಾಡುವುದು ಇಲ್ಲೇ.

ಯಾರಿಂದಲಾದರೂ ಒಂದು ಡಾಲರ್ ತೆಗೆದುಕೊಳ್ಳುವ ಮೊದಲು, ಪ್ರಚಾರಕ್ಕೆ ಒಂದು ಡಾಲರ್ ಖರ್ಚು ಮಾಡುವ ಮೊದಲು ಫಾರ್ಮ್ 501 ಕೊಡಬೇಕು. "ನಾನು ಇಂಥ ಹುದ್ದೆಗೆ ನಿಲ್ಲುತ್ತೇನೆ" ಎಂಬ ತಿಳಿವಳಿಕೆ ಪತ್ರ ಅದು. ವರ್ಷದಲ್ಲಿ ಬಂದದ್ದೂ ಖರ್ಚಾದದ್ದೂ 2,000 ಡಾಲರ್‌ಗಿಂತ ಕೆಳಗೇ ಇರುತ್ತದೆ ಎಂದಾದರೆ ಫಾರ್ಮ್ 470, ಕೆಲಸ ಹಗುರ. ಪಡೆದದ್ದು 2,000 ಮುಟ್ಟಿದರೆ ನೀವು "ಸಮಿತಿ" ಆಗುತ್ತೀರಿ. ಹತ್ತು ದಿನದೊಳಗೆ ಫಾರ್ಮ್ 410, ಪ್ರಚಾರಕ್ಕೇ ಬೇರೆ ಬ್ಯಾಂಕ್ ಖಾತೆ, ಒಬ್ಬ ಖಜಾಂಚಿ, ಆಮೇಲೆ ಕಾಲಕಾಲಕ್ಕೆ ಫಾರ್ಮ್ 460ರಲ್ಲಿ ಪೂರ್ತಿ ಲೆಕ್ಕ. ಖಜಾಂಚಿ ನೀವೇ ಆಗಬಹುದು. ಆದರೆ ಲೆಕ್ಕ ಬರೆಯುವ ಅಭ್ಯಾಸ ಇರುವ ಅತ್ತೆಯೋ ಮಾವನೋ ಇದ್ದರೆ ಅವರನ್ನು ಮಾಡಿ. ಇದನ್ನೆಲ್ಲ ನೋಡಿಕೊಳ್ಳುವುದು ಎಫ್‌ಪಿಪಿಸಿ ಎಂಬ ರಾಜ್ಯ ಆಯೋಗ. ಅವರ ಉಚಿತ ಸಲಹೆ ಫೋನ್‌ನಲ್ಲೇ ಸಿಗುತ್ತದೆ, ನಾಚಿಕೆ ಬಿಟ್ಟು ಕೇಳಿ.

100 ಡಾಲರ್ ಮತ್ತು ಅದಕ್ಕಿಂತ ಹೆಚ್ಚಿನ ದೇಣಿಗೆಯನ್ನು ನಗದಿನಲ್ಲಿ ಪಡೆಯುವಂತಿಲ್ಲ. ನಮ್ಮವರು ಪ್ರೀತಿಯಿಂದ ಕವರಿನಲ್ಲಿ ಇಟ್ಟುಕೊಡುವ ನೂರಾ ಒಂದು ಡಾಲರ್ ಇದೆಯಲ್ಲ, ಅದು ಇಲ್ಲಿ ಕಾನೂನುಬಾಹಿರ. ಚೆಕ್ ಕೊಡಿ ಎನ್ನಿ. 100 ಮತ್ತು ಮೇಲಿನ ದೇಣಿಗೆಗೆ ಕೊಟ್ಟವರ ಹೆಸರು, ವಿಳಾಸ, ಉದ್ಯೋಗ, ಕಂಪನಿ ಬೇಕು. 60 ದಿನದೊಳಗೆ ವಿವರ ಸಿಗದಿದ್ದರೆ ಹಣ ವಾಪಸ್. ಚುನಾವಣೆಗೆ ಮುಂಚಿನ 90 ದಿನಗಳಲ್ಲಿ ಒಬ್ಬರಿಂದಲೇ 1,000 ಅಥವಾ ಮೇಲೆ ಬಂದರೆ 24 ಗಂಟೆಯಲ್ಲಿ ತಿಳಿಸಬೇಕು.

ಇನ್ನು ಯಾರಿಂದ ಪಡೆಯಬಾರದು. ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಕೊಡಬಹುದು. ಎಚ್-1ಬಿಯಲ್ಲಿರುವ ಅಪ್ಪನ ಸಹೋದ್ಯೋಗಿ ಕೊಡುವಂತಿಲ್ಲ. ಮೈಸೂರಿನ ಅಜ್ಜ "ಮೊಮ್ಮಗಳು ಎಲೆಕ್ಷನ್‌ಗೆ ನಿಂತಿದ್ದಾಳೆ" ಎಂದು ಖುಷಿಯಿಂದ ಕಳಿಸುವ ಹಣವೂ ಬೇಡ. ಸ್ಥಳೀಯ ಚುನಾವಣೆಗೂ ಫೆಡರಲ್ ಕಾನೂನು ಇದನ್ನು ತಡೆಯುತ್ತದೆ. ವೀಸಾದಲ್ಲಿರುವವರು ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕರಪತ್ರ ಹಂಚಬಹುದು, ಫೋನ್ ಮಾಡಬಹುದು. ಆದರೆ ಹಣ ಹೇಗೆ ಖರ್ಚು ಮಾಡಬೇಕು ಎಂಬ ತೀರ್ಮಾನದಲ್ಲಿ ಕೂರುವಂತಿಲ್ಲ.

ಇದಕ್ಕೇ ಅಂಟಿಕೊಂಡ ಮತ್ತೊಂದು ಮಾತು. ಪ್ರಚಾರಕ್ಕೆಂದು ಕೌಂಟಿಯಿಂದ ಮತದಾರರ ಪಟ್ಟಿ ಕೊಳ್ಳಬಹುದು. ಅದನ್ನು ದೇಶದ ಹೊರಗೆ ಕಳಿಸುವುದು ನಿಷೇಧ. ಬೆಂಗಳೂರಿನ ಕಸಿನ್ ಎಕ್ಸೆಲ್‌ನಲ್ಲಿ ಚುರುಕು, ಅವನಿಗೆ ವಾಟ್ಸಾಪ್ ಮಾಡೋಣ ಎನ್ನುವ ಐಡಿಯಾ ಅಲ್ಲೇ ಬಿಡಿ.

ಹಂತ 6: ಕನ್ನಡ ಕೂಟ, ದೇವಸ್ಥಾನ, ಶಾಲೆ ಎಲ್ಲಿ ನಿಲ್ಲುತ್ತವೆ?

ನಮ್ಮ ಕೂಟಗಳು, ದೇವಸ್ಥಾನಗಳು, ಪಿಟಿಎಗಳು (ಪೋಷಕರ ಮತ್ತು ಶಿಕ್ಷಕರ ಸಂಘಗಳು) ಬಹುಪಾಲು 501(ಸಿ)(3) ಸಂಸ್ಥೆಗಳು. ಅಂದರೆ ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ಸಂಸ್ಥೆಗಳು. ಅವು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ, ವಿರೋಧಿಸುವಂತಿಲ್ಲ. ನವೆಂಬರ್ 1ರ ಸುತ್ತಮುತ್ತ ರಾಜ್ಯೋತ್ಸವದ ಕಾರ್ಯಕ್ರಮ, 3ಕ್ಕೆ ಮತದಾನ. ವೇದಿಕೆ ಮೇಲೆ ಕರೆದು "ನಮ್ಮ ಹುಡುಗಿಗೆ ವೋಟು ಹಾಕಿ" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರೆ ಕೂಟಕ್ಕೇ ತೊಂದರೆ. ಕೂಟದ ಇಮೇಲ್ ಪಟ್ಟಿಯೂ ಬೇಡ. ಅಧ್ಯಕ್ಷರು ಮನೆಯಲ್ಲಿ ಕೂತು, ತಮ್ಮ ಸ್ವಂತ ಹೆಸರಿನಲ್ಲಿ ಬೆಂಬಲಿಸಲಿ, ಅದಕ್ಕೆ ಅಡ್ಡಿಯಿಲ್ಲ. ದಸರಾ ಗೊಂಬೆ ನೋಡಲು ಹೋದ ಮನೆಗಳಲ್ಲಿ ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಶಾಲೆಯ ಇಮೇಲ್, ಪ್ರಿಂಟರ್, ಡಿಸ್ಟ್ರಿಕ್ಟ್‌ನ ಯಾವ ಸಾಮಾನನ್ನೂ ಪ್ರಚಾರಕ್ಕೆ ಮುಟ್ಟಬೇಡಿ. ಅದೂ ಕಾನೂನಿಗೆ ವಿರುದ್ಧ.

ಶಿಕ್ಷಕರ ಸಂಘ ಅಭ್ಯರ್ಥಿಗಳಿಗೆ ಪ್ರಶ್ನೆಪತ್ರಿಕೆ ಕಳಿಸಿ, ಸಂದರ್ಶನ ಮಾಡಿ ಬೆಂಬಲ ಘೋಷಿಸುತ್ತದೆ. ಗೆಲುವು ಸೋಲಿಗೆ ಅದರ ತೂಕ ದೊಡ್ಡದು. ನಿಮಗೆ ಸಿಗದಿದ್ದರೂ ಸಂದರ್ಶನಕ್ಕೆ ಹೋಗಿ.

ಹಂತ 7: ಬಾಗಿಲು ತಟ್ಟುವುದು

ಕನ್ನಡದ ವೋಟುಗಳಿಂದಲೇ ಗೆಲ್ಲುವ ವಾರ್ಡ್ ನನಗೆ ಗೊತ್ತಿರುವ ಮಟ್ಟಿಗೆ ಎಲ್ಲೂ ಇಲ್ಲ. ನಿಮ್ಮ ಬೀದಿಯ ವಿಯೆಟ್ನಾಮಿ ಅಜ್ಜಿ, ಮಕ್ಕಳೆಲ್ಲ ದೊಡ್ಡವರಾದ ಬಿಳಿಯ ದಂಪತಿ, ಎದುರು ಅಪಾರ್ಟ್‌ಮೆಂಟಿನ ಮೆಕ್ಸಿಕನ್ ಕುಟುಂಬ, ಇವರನ್ನು ಮಾತಾಡಿಸದೆ ಆಗುವುದಿಲ್ಲ. ನಮ್ಮ ಮಕ್ಕಳು ಇಲ್ಲೇ ಹಿಂಜರಿಯುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಹೃದಯದ ಚಿಹ್ನೆ ಬಂದರೆ ಪ್ರಚಾರ ಆಯಿತು ಎಂದುಕೊಳ್ಳುತ್ತಾರೆ. ಆ ಇನ್ನೂರರಲ್ಲಿ ನಿಮ್ಮ ವಾರ್ಡಿನ ಮತದಾರರು ಎಷ್ಟು ಮಂದಿ, ಕೂತು ಎಣಿಸಿ ನೋಡಿ.

ಇಲ್ಲಿ ಮತದಾನ ಒಂದು ದಿನದ್ದಲ್ಲ. ನೋಂದಾಯಿತ ಮತದಾರರಿಗೆಲ್ಲ ಬ್ಯಾಲೆಟ್ ಅಂಚೆಯಲ್ಲಿ ಹೋಗುತ್ತದೆ. 2026ಕ್ಕೆ ಅಕ್ಟೋಬರ್ 5ರ ಹೊತ್ತಿಗೆ. ಹಾಗಾಗಿ ನಿಮ್ಮ ಜೋರು ಕೆಲಸವೆಲ್ಲ ಸೆಪ್ಟೆಂಬರ್‌ನಲ್ಲೇ ಆಗಬೇಕು. ಗಣೇಶ ಹಬ್ಬದ ಕಡುಬು ತಿಂದು ಶೂ ಹಾಕಿಕೊಂಡು ಹೊರಡಿ.

ಸಂಜೆ ಐದರಿಂದ ಏಳೂವರೆ, ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಒಳ್ಳೆಯ ಸಮಯ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲಿ, ಬಾಗಿಲಿನ ಕ್ಯಾಮೆರಾದಲ್ಲಿ ಮುಖ ಪೂರ್ತಿ ಕಾಣಲಿ. ಹೆಸರು, ಓದಿದ ಶಾಲೆ, ಒಂದು ವಿಷಯ. ಆಮೇಲೆ ಸುಮ್ಮನಿದ್ದು ಅವರ ಮಾತು ಕೇಳಿ. ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಿ. ಅಂಚೆ ಡಬ್ಬಿಗೆ ಹಾಕಬೇಡಿ. ಸ್ಟಾಂಪಿಲ್ಲದ ಕಾಗದ ಅದರೊಳಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಕರಪತ್ರ, ಅಂಗಳದ ಬೋರ್ಡು ಎಲ್ಲದರ ಮೇಲೂ ಖರ್ಚು ಯಾರದು ಎಂಬ ಸಾಲು ಅಚ್ಚಾಗಿರಲಿ. ಅದರ ಒಕ್ಕಣೆ ಎಫ್‌ಪಿಪಿಸಿಯ ಪುಸ್ತಕದಲ್ಲಿದೆ. ಬೋರ್ಡು ಎಲ್ಲಿ ನೆಡಬಹುದು ಎಂದು ಊರಿನ ಸಿಟಿ ಕಚೇರಿಯಲ್ಲಿ ಕೇಳಿ.

"ನಿನಗೇನಮ್ಮ ಗೊತ್ತು, ಇನ್ನೂ ಚಿಕ್ಕವಳು" ಎಂಬುದು ಬಂದೇ ಬರುತ್ತದೆ, ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ. ಸಿಟ್ಟಾಗಬೇಡಿ. ಈ ಬೋರ್ಡ್ ತೆಗೆದುಕೊಂಡ ತೀರ್ಮಾನಗಳ ಕೆಳಗೆ ಇತ್ತೀಚೆಗಷ್ಟೇ ತರಗತಿಯಲ್ಲಿ ಕೂತು ಬಂದವರು ನೀವು. ಅದರಲ್ಲಿ ಒಂದನ್ನು ತಾರೀಕು ಸಮೇತ ಹೇಳಿ. ಮಕ್ಕಳ ಸಂಖ್ಯೆ ಇಳಿದು 2022ರಲ್ಲಿ ಕ್ಯುಪರ್ಟಿನೋ ಡಿಸ್ಟ್ರಿಕ್ಟ್ ಪ್ರಾಥಮಿಕ ಶಾಲೆಗಳನ್ನು ಮುಚ್ಚಿತಲ್ಲ, ಅಂಥದ್ದು ನಿಮ್ಮಲ್ಲಿ ಬಂದರೆ ಯಾವ ಲೆಕ್ಕದಿಂದ ಮತ ಹಾಕುತ್ತೀರಿ ಎಂದು ಹೇಳಲು ಬಂದರೆ ವಯಸ್ಸಿನ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಮಗೆ ಕಡಿಮೆ ಅಂಕ ಕೊಟ್ಟ ಟೀಚರ್ ಹೆಸರು ಮಾತ್ರ ಎಲ್ಲೂ ಎತ್ತಬೇಡಿ.

ಅಪ್ಪ-ಅಮ್ಮಂದಿರಿಗೆ ಒಂದು ಕೋರಿಕೆ: ಬಾಗಿಲಲ್ಲಿ ಮಗಳ ಬದಲು ನೀವು ಮಾತಾಡಬೇಡಿ. ಕಾರು ಓಡಿಸಿ, ನೀರಿನ ಬಾಟಲಿ ಕೊಡಿ.

ಹಂತ 8: ಮತದಾನದ ದಿನ ಮತ್ತು ಆಮೇಲೆ

ಮತಗಟ್ಟೆ ಮತ್ತು ಬ್ಯಾಲೆಟ್ ಡಬ್ಬಿಯ 100 ಅಡಿಯೊಳಗೆ ಪ್ರಚಾರ ಇಲ್ಲ. ನಿಮ್ಮ ಹೆಸರಿನ ಟೀಶರ್ಟ್ ಹಾಕಿಕೊಂಡು ವೋಟು ಹಾಕಲು ಹೋಗಬೇಡಿ.

ರಾತ್ರಿ ಬರುವ ಎಣಿಕೆ ಕೊನೆಯದಲ್ಲ. ಅಂಚೆಯ ಮತಗಳನ್ನು ದಿನಗಟ್ಟಲೆ ಎಣಿಸುತ್ತಾರೆ, ಕಡಿಮೆ ಅಂತರವಿದ್ದರೆ ವಾರಗಳೂ ಹಿಡಿಯುತ್ತವೆ. ಅಲ್ಲಿಯವರೆಗೆ ಅಭಿನಂದನೆಯ ಫ್ಲೆಕ್ಸ್ ಮಾಡಿಸಬೇಡಿ.

ಗೆದ್ದರೆ ಪ್ರಮಾಣವಚನ ಡಿಸೆಂಬರ್‌ನಲ್ಲಿ. ಆದರೆ ಬ್ರೌನ್ ಆಕ್ಟ್ ನಿಮಗೆ ಗೆದ್ದ ದಿನದಿಂದಲೇ ಅನ್ವಯ. ಬೋರ್ಡಿನ ಬಹುಮತ ಆಗುವಷ್ಟು ಸದಸ್ಯರು ಸಭೆಯ ಹೊರಗೆ ಬೋರ್ಡಿನ ವಿಷಯ ಮಾತಾಡುವಂತಿಲ್ಲ. ಐವರ ಬೋರ್ಡ್‌ನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮೂರನೆಯವರಿಗೆ ವಾಟ್ಸಾಪ್ ಸಾಗಿದರೂ ಅದು ಗುಟ್ಟಿನ ಸಭೆಯೇ. ಹೊಸಬರ ಗುಂಪು ಮಾಡಿ ನಿಮ್ಮನ್ನು ಸೇರಿಸಿದರೆ ಹೊರಗೆ ಬನ್ನಿ.

ಸೋತರೂ ಕಾಗದ ಬಾಕಿ ಇರುತ್ತದೆ. ಸಾಲ, ಬಿಲ್ಲು ತೀರಿಸಿ, ಉಳಿದ ಹಣವನ್ನು ಕಾನೂನು ಹೇಳಿದ ಹಾಗೆ ವಿಲೇವಾರಿ ಮಾಡಿ, ಕೊನೆಯ 460 ಮತ್ತು ಸಮಿತಿ ಮುಚ್ಚುವ 410 ಎರಡನ್ನೂ ಕಳಿಸಿ. ಬ್ಯಾಂಕ್ ಖಾತೆ ಮುಚ್ಚಿ. ಇದನ್ನು ಮರೆತರೆ ನೀವು ಕಾಲೇಜಿಗೆ ವಾಪಸ್ ಹೋಗಿ ಪರೀಕ್ಷೆಗೆ ಓದುತ್ತಿರುವಾಗ ದಂಡದ ಪತ್ರ ಅಪ್ಪ-ಅಮ್ಮನ ಮನೆಗೆ ಬರುತ್ತದೆ.